ಕವರ್‌ನಲ್ಲಿ ಯಾರು?

ಟೀ ಲೋಟ ಕೈ ಸುಡುತ್ತಿದೆ, ಇಡೋಣವೆಂದರೆ ಜಾಗವಿಲ್ಲ. ಬೆಂಚಿನ ನಡುವೆ ಹಳೆಯ ದಿನಪತ್ರಿಕೆ ಹರಡಿದೆ. ಅದರ ಮೇಲೆ ಪಿ.ಟಿ. ಮೇಷ್ಟ್ರು ಕೆಂಪು ಪೆನ್ನಿನಲ್ಲಿ ದೊಡ್ಡದೊಂದು ಮೊಟ್ಟೆ ಬರೆದಿದ್ದಾರೆ. ಅದು ಮೈದಾನ. ಒಳಗಿನ ಎರಡು ಗೆರೆ, ಪಿಚ್ಚು.

ಹೊಸಹೊಳಲಿನಲ್ಲಿ ಸಂಜೆ ಆರಾಗುತ್ತಿದೆ. ಲಕ್ಷ್ಮೀನಾರಾಯಣ ದೇವಸ್ಥಾನ ನೋಡಲು ಬಂದವರು ನೀವು; ಮೂರು ಗರ್ಭಗುಡಿ, ಕಡೆದ ಕಂಬ, ಗೋಡೆಗುಂಟ ಸಾಗುವ ಆನೆ ಕುದುರೆಗಳ ಸಾಲು ಎಲ್ಲ ನೋಡಿಯಾಯಿತು. ಕೆ.ಆರ್. ಪೇಟೆ ಕಡೆಯ ಬಸ್ಸು ಬರುವವರೆಗೆ ಒಂದು ಟೀ ಅಂತ ಕೂತಿರಿ. ಅಷ್ಟರಲ್ಲಿ ಕೊಯ್ಲಾದ ಗದ್ದೆಯಲ್ಲಿ ಟೆನಿಸ್ ಬಾಲ್ ಮ್ಯಾಚು ಮುಗಿಸಿದ ಹುಡುಗರು ಬಂದು ಸುತ್ತುವರಿದರು. ಒಬ್ಬ ಮಾತ್ರ ಬೆಂಚಿಗೆ ಬಂದಿಲ್ಲ, ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತಿದ್ದಾನೆ. ಕೊನೆ ಓವರಿನಲ್ಲಿ ಕೈಗೆ ಬಂದ ಕ್ಯಾಚು ಬಿಟ್ಟವನು ಅವನೇ. ಅವನನ್ನು ಬಯ್ಯುತ್ತ ಬಯ್ಯುತ್ತ ಮಾತು ಎಲ್ಲಿಗೋ ಹೋಗಿ, ಈಗ ಮೇಷ್ಟ್ರು ಒಂದು ಕಟ್ಟಳೆ ಹಾಕಿದ್ದಾರೆ: ಕರ್ನಾಟಕದ ಟೀಮಿನಲ್ಲಿ ಇವತ್ತಿನವರೆಗೆ ಆಡಿದವರಲ್ಲಿ ಫೀಲ್ಡಿಂಗ್ ನೋಡಿ ಹನ್ನೊಂದು ಜನ ಆರಿಸಬೇಕು. ಎಷ್ಟು ಸೆಂಚುರಿ ಹೊಡೆದ ಅನ್ನೋದು ಲೆಕ್ಕಕ್ಕಿಲ್ಲ.

"ಕೀಪರ್‌ಗೆ ಮಾತೇ ಇಲ್ಲ, ಕಿರ್ಮಾನಿ."

"ಯಾಕ್ ಮಾತಿಲ್ಲ ಮೇಷ್ಟ್ರೇ?" ಟೀ ಸೋಸುತ್ತಲೇ ಅಂಗಡಿಯವನು ಅಡ್ಡ ಬರುತ್ತಾನೆ. "ಸದಾನಂದ ವಿಶ್ವನಾಥ್ ಏನ್ ಕಮ್ಮಿ? ಎಂಬತ್ತೈದರಲ್ಲಿ ಮೆಲ್ಬರ್ನ್ ಫೈನಲ್ಲು. ಶಿವರಾಮಕೃಷ್ಣನ್ ಬಾಲು, ಮಿಯಾಂದಾದ್ ಮುಂದಕ್ ಬಂದ, ಇವ್ನು ಸ್ಟಂಪ್ ಎಗರಿಸ್ಬುಟ್ಟ."

"ಮೂರು ಟೆಸ್ಟ್ ಆಡ್ದೋನ್ನ ತಂದು ಎಂಬತ್ತೆಂಟು ಆಡ್ದೋರ ಪಕ್ಕ ಮಡಗ್ತೀಯಲ್ಲಯ್ಯ! ನೂರರವತ್ತು ಕ್ಯಾಚು, ಮೂವತ್ತೆಂಟು ಸ್ಟಂಪಿಂಗು. ಎಂಬತ್ಮೂರರ ಫೈನಲ್‌ನಲ್ಲಿ ಬ್ಯಾಕಸ್‌ನ ಇಡ್ಕಂಡಿದ್ದು ನೋಡಿದ್ದೀಯಾ?"

ಅಂಗಡಿಯವನು ಸೋತವನಂತಿಲ್ಲ. ಲೋಟಗಳನ್ನು ಕುಕ್ಕಿ ಇಡುತ್ತಾನೆ. ಕೀಪರ್ ಜಾಗದಲ್ಲಿ ಸದ್ಯಕ್ಕೆ ಪ್ರಶ್ನೆ ಚಿಹ್ನೆ ಬೀಳುತ್ತದೆ.

ಸ್ಲಿಪ್ಪಿನಲ್ಲಿ ಜಗಳವಿಲ್ಲ, ಬರೀ ನೂಕುನುಗ್ಗಲು. ಮೊದಲ ಹೆಸರು ದ್ರಾವಿಡ್. ಫೋನ್ ಹಿಡಿದ ಹುಡುಗ ನೋಡದೆಯೇ ಹೇಳುತ್ತಾನೆ: 210 ಕ್ಯಾಚು. ಅದರಲ್ಲಿ 55 ಕುಂಬ್ಳೆ ಬೌಲಿಂಗಿನಲ್ಲಿ. "ರೆಕಾರ್ಡು ಹೋಯ್ತು ಬುಡ್ಲಾ" ಅಂತ ಇನ್ನೊಬ್ಬ. ಹೌದು, 2025ರ ಜುಲೈನಲ್ಲಿ ಲಾರ್ಡ್ಸ್‌ನಲ್ಲಿ ಜೋ ರೂಟ್ ಎಡಗೈಯಲ್ಲಿ 211ನೆಯದನ್ನು ಎತ್ತಿಕೊಂಡ. ಔಟಾದವನು ಯಾರು? ಕರುಣ್ ನಾಯರ್! ದ್ರಾವಿಡ್ ದಾಖಲೆ ಮುರಿಯೋಕೂ ಕರ್ನಾಟಕದ ಹುಡುಗನದೇ ಎಡ್ಜು ಬೇಕಾಯಿತಲ್ಲ ಅಂತ ಮೇಷ್ಟ್ರು ಹಣೆ ಚಚ್ಚಿಕೊಳ್ಳುತ್ತಾರೆ.

ದ್ರಾವಿಡ್ ಪಕ್ಕಕ್ಕೆ ಗುಂಡಪ್ಪ ವಿಶ್ವನಾಥ್, 91 ಟೆಸ್ಟಿಗೆ 63 ಕ್ಯಾಚು. ಅವರ ಪಕ್ಕಕ್ಕೆ ಕೆ.ಎಲ್. ರಾಹುಲ್, 2018ರಲ್ಲಿ ನಾಟಿಂಗ್‌ಹ್ಯಾಮ್‌ನ ಒಂದೇ ಟೆಸ್ಟಿನಲ್ಲಿ ಏಳು ಹಿಡಿದವನು. ಮೂವರನ್ನೂ ಸಾಲಾಗಿ ಬರೆದಾಗ ಯಾರೂ ತಕರಾರು ತೆಗೆಯುವುದಿಲ್ಲ. ಇದು ಸುಮ್ಮನೆ ಬಂದ ಸಾಲಲ್ಲ. ಪ್ರಸನ್ನ, ಚಂದ್ರಶೇಖರ್, ಆಮೇಲೆ ಕುಂಬ್ಳೆ: ಇಂಥ ಸ್ಪಿನ್ನರುಗಳಿರುವ ಟೀಮಿನಲ್ಲಿ ಬ್ಯಾಟಿನ ಹತ್ತಿರ ಕೈ ಚಾಚಿ ನಿಲ್ಲುವವರು ಇಲ್ಲದಿದ್ದರೆ ಅರ್ಧ ವಿಕೆಟ್ಟು ನೆಲದ ಪಾಲು.

ಗುದ್ದಾಟವೆಲ್ಲ ಕವರ್‌ಗೆ.

"ಮನೀಶ್ ಪಾಂಡೆ" ಅಂತ ಫೋನ್ ಹುಡುಗ. "ಬ್ರಿಜೇಶ್ ಪಟೇಲ್" ಅಂತ ಮೇಷ್ಟ್ರು. ಇಬ್ಬರೂ ಒಂದೇ ಉಸಿರಿನಲ್ಲಿ.

"ನೀನು ಪಟೇಲ್‌ರ ನೋಡಿಲ್ಲ ಕಣ್ಲಾ. ನಾನ್ ನೋಡಿವ್ನಿ, ಟ್ರೈನಿಂಗ್ ಟೈಮ್ನಲ್ಲಿ ಬೆಂಗಳೂರು ಸ್ಟೇಡಿಯಂಗೆ ಓಗಿ. ಬಾಲು ಅವ್ರ ಕಡೆ ಓದ್ರೆ ಸಾಕು, ರನ್ನಿಗೆ ಓಡೋಕ್ ಬಂದೋನು ವಾಪಸ್."

"ಎಷ್ಟು ರನ್ ಉಳಿಸವ್ರೆ ಹೇಳಿ ಮೇಷ್ಟ್ರೇ. ಲೆಕ್ಕ ಕೊಡಿ."

ಮೇಷ್ಟ್ರು ತಡವರಿಸುತ್ತಾರೆ. ಹುಡುಗ ಗೆದ್ದೆ ಅಂದುಕೊಳ್ಳುತ್ತಾನೆ. ಆದರೆ ಪಾಂಡೆ ಉಳಿಸಿದ ರನ್ನಿನ ಲೆಕ್ಕ ಅವನ ಫೋನಿನಲ್ಲೂ ಇಲ್ಲ. ಓಡದೇ ಹೋದ ರನ್ನನ್ನು ಸ್ಕೋರರ್ ಯಾವ ಕಾಲಂನಲ್ಲಿ ಬರೆಯಬೇಕು? ಅಮೆರಿಕದ ಬೇಸ್‌ಬಾಲ್‌ನಲ್ಲಿ ಸ್ಕೋರ್ ಬೋರ್ಡಿನ ಮೇಲೇ ಫೀಲ್ಡರುಗಳ ತಪ್ಪಿಗೊಂದು ಮನೆ ಇರುತ್ತದೆ, ಒಳ್ಳೆಯ ಫೀಲ್ಡರಿಗೆ 1957ರಿಂದ ಚಿನ್ನದ ಬಣ್ಣದ ಗ್ಲೌಸಿನ ಪ್ರಶಸ್ತಿಯೂ ಇದೆ. ಇಲ್ಲಿ ಕ್ಯಾಚು ಹಿಡಿದರೆ ಹೆಸರು, ಬಿಟ್ಟರೆ ಬೈಗುಳ, ನಡುವಿನದೆಲ್ಲ ಗಾಳಿಗೆ.

"1974ರ ಸೆಮಿಫೈನಲ್ಲೇ ತಗೋ" ಮೇಷ್ಟ್ರು ಸಾವರಿಸಿಕೊಂಡಿದ್ದಾರೆ. "ಬಾಂಬೆಯೋರು ಅದಿನೈದು ವರ್ಷದಿಂದ ಸತತ ರಣಜಿ ಗೆದ್ದಿದ್ರು. ನಮ್ಮೋರು 385 ಹೊಡೆದ್ರು, ಅವ್ರು 307ಕ್ಕೆ ಆಲೌಟು. ವಾಡೇಕರ್ ನಿಂತ್ಕಂಡಿದ್ದಿದ್ರೆ ಕತೆನೇ ಬೇರೆ. ಜಾರಿದ, ರನೌಟ್. ಸ್ಕೋರ್ ಕಾರ್ಡ್ ತೆಗಿ, ಏನಿರ್ತದೆ? ರನೌಟ್, ಅಷ್ಟೇ. ಬಾಲ್ ಎಸೆದೋನ ಹೆಸರೇ ಇರಲ್ಲ."

ಕಬ್ಬು ಹೇರಿದ ಟ್ರ್ಯಾಕ್ಟರೊಂದು ಹಾಡು ಹಾಕಿಕೊಂಡು ಹಾದುಹೋಗುತ್ತದೆ. ಎಲ್ಲರೂ ಬಾಯಿ ಮುಚ್ಚಿ ಕಾಯುತ್ತಾರೆ. ಸದ್ದು ಇಳಿದ ಮೇಲೆ ಡೀಪ್ ಮಿಡ್‌ವಿಕೆಟ್ಟಿಗೆ ಮಯಾಂಕ್ ಅಗರ್ವಾಲ್ ತಕರಾರಿಲ್ಲದೆ ಬರುತ್ತಾನೆ: 2020ರ ದುಬೈ, ಎರಡನೇ ಸೂಪರ್ ಓವರು, ಸಿಕ್ಸರ್ರೇ ಅಂದುಕೊಂಡಿದ್ದ ಪೊಲಾರ್ಡ್ ಹೊಡೆತ. ಗೆರೆಯ ಆಚೆ ಹಾರುತ್ತಲೇ ಚೆಂಡನ್ನು ಒಳಕ್ಕೆ ತಳ್ಳಿದ್ದನ್ನು ಕಟ್ಟೆಯ ಮೇಲಿದ್ದ ಹುಡುಗನೇ ಎದ್ದು ಬಂದು, ಹಾರಿ ತೋರಿಸುತ್ತಾನೆ. ಅವನ ಮೇಲಿನ ಸಿಟ್ಟು ಅರ್ಧ ಇಳಿಯಿತು.

"ಮಾವ, ಅರ್ಧ ಲೀಟರ್ ಹಾಲು." ಪಿಯುಸಿ ಓದುವ ಹುಡುಗಿ. ಅಂಗಡಿಯವನು ಪ್ಯಾಕೆಟ್ ತೆಗೆಯುವಷ್ಟರಲ್ಲಿ ಅವಳು ಪೇಪರಿನ ಮೇಲೆ ಕಣ್ಣಾಡಿಸುತ್ತಾಳೆ. "ವೇದಾ ಎಲ್ಲಿ?"

"ಯಾವ ವೇದಾ?"

"ಕಡೂರಿನ ವೇದಾ ಕೃಷ್ಣಮೂರ್ತಿ. ಫೀಲ್ಡಿಂಗ್ ಟೀಮು ಅಂತೀರ, ಅವ್ರೇ ಇಲ್ಲ."

"ಇದು ಗಂಡಸ್ರ ಟೀಮಮ್ಮ" ಅಂತ ಒಬ್ಬ ಗೊಣಗುತ್ತಾನೆ.

"ಕರ್ನಾಟಕದ ಟೀಮು ಅಂದ್ರಲ್ಲ ಮೇಷ್ಟ್ರು. ಗಂಡಸ್ರುದ್ದು ಅಂದ್ರಾ?"

ಅಂದಿರಲಿಲ್ಲ. ನೀವೂ ಕೇಳಿಸಿಕೊಂಡಿದ್ದೀರಿ. ಭಾರತಕ್ಕೆ 48 ಏಕದಿನ, 76 ಟಿ–20 ಆಡಿದ, ಚಿಕ್ಕವಳಿದ್ದಾಗಲೇ ಕರಾಟೆ ಬ್ಲ್ಯಾಕ್ ಬೆಲ್ಟ್ ಕಟ್ಟಿದವಳು. ಮೇಷ್ಟ್ರು ಪಾಯಿಂಟ್‌ನಲ್ಲಿ ವೇದಾ ಅಂತ ದುಂಡಗೆ ಬರೆಯುತ್ತಾರೆ. ಹುಡುಗಿ ಹಾಲು ಈಸಿಕೊಂಡರೂ ಹೊರಡುವುದಿಲ್ಲ.

"ಎಲ್ಲಾ ಸರಿ. ಬಾಲ್ ಹಾಕೋರು ಯಾರು?" ಅಂಗಡಿಯವನು ಕೇಳುತ್ತಾನೆ.

ಕುಂಬ್ಳೆ ಅನ್ನುತ್ತಾನೆ ಫೋನ್ ಹುಡುಗ. ತನ್ನದೇ ಬೌಲಿಂಗಿಗೆ ತಾನೇ 35 ಕ್ಯಾಚು ಹಿಡಿದವರು. ಬರೆದಾಯಿತು. ಇನ್ನೊಂದು ತುದಿಯಿಂದ? ಮೇಷ್ಟ್ರು ಮೆಲ್ಲಗೆ ಚಂದ್ರಶೇಖರ್ ಅನ್ನುತ್ತಾರೆ. ಗೊಳ್ಳೆಂದು ನಗು. ಫೀಲ್ಡಿಂಗ್ ಟೀಮಿನಲ್ಲಿ ಚಂದ್ರ!

"ನಗಬೇಡಿ. ಪೋಲಿಯೋದಿಂದ ಬಡಕಲಾದ ಬಲಗೈಲಿ ಬೌಲಿಂಗು, ಎಡಗೈಲಿ ಥ್ರೋ. ನಿಮ್ಮಲ್ಲಿ ಯಾವನು ಎರಡೂ ಕೈ ಬಳಸ್ತೀರ?"

ಯಾರೂ ಇಲ್ಲ. ನಿಮ್ಮ ವೋಟೂ ಚಂದ್ರನಿಗೇ, ಕೇಳಿದವರಿಲ್ಲ ಅಷ್ಟೇ.

"ಚಂದ್ರ ಅಂದ್ಮೇಲೆ" ಮೇಷ್ಟ್ರು ಅಂಗಡಿಯವನತ್ತ ತಿರುಗಿ ಕಣ್ಣು ಮಿಟುಕಿಸುತ್ತಾರೆ, "ಆ ವೇಗದ ಗೂಗ್ಲಿಗೆ ವರ್ಷಗಟ್ಲೆ ಕೀಪಿಂಗ್ ಮಾಡ್ದೋರು ಯಾರಪ್ಪ?"

ಅಂಗಡಿಯವನಿಗೆ ಬಲೆ ಈಗ ಕಾಣುತ್ತದೆ. ಟವೆಲಿನಲ್ಲಿ ಕೈ ಒರೆಸಿಕೊಂಡು ಬೆಂಚಿನ ಹತ್ತಿರ ಬರುತ್ತಾನೆ.

"ಆಯ್ತು, ಕಿರ್ಮಾನಿ ಬರ್ಕೊಳಿ. ಬಿಟ್ಕೊಟ್ಟೆ. ಅದ್ಕೆ ಬದ್ಲು ಕವರ್‌ಗೆ ಪಾಂಡೆ."

ಮೇಷ್ಟ್ರು ಕಿರ್ಮಾನಿಯ ಹೆಸರು ಬರೆದು ಮುಗಿಸುತ್ತಾರೆ. ಪೆನ್ನಿಗೆ ಕ್ಯಾಪು ಹಾಕಿ ಜೇಬಿಗಿಡುತ್ತಾರೆ.

"ಕವರ್ ಇನ್ನೂ ಖಾಲಿ ಮೇಷ್ಟ್ರೇ" ಅನ್ನುತ್ತಾಳೆ ಹುಡುಗಿ.

"ಖಾಲಿ ಎಲ್ಲವ್ವ? ಪಟೇಲ್ ನಿಂತವ್ರಲ್ಲ."