ಹದಿನಾಲ್ಕನೆಯ ದಿನ ಯಾರು ಬರುತ್ತಾರೆ?

ಮದುವೆಗೆ ಕರೆದರೆ ಹೋಗಬೇಕು, ಸಾವಿಗೆ ಕರೆಯದಿದ್ದರೂ ಹೋಗಬೇಕು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ನಾವೂ ಹೋಗುತ್ತೇವೆ. ಆದರೆ ಆ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಎದೆ ಢವಢವ ಅನ್ನುತ್ತದೆ. ಏನು ಮಾತನಾಡುವುದು? ಅವರು ಅತ್ತರೆ ಏನು ಹೇಳುವುದು? ಸೋದರಿಯರೇ, ನಿಮಗೂ ಹೀಗೆ ಆಗಿರಬೇಕಲ್ಲವೇ?

ನನ್ನ ಯಜಮಾನರು ತೀರಿಕೊಂಡು ಆರು ವರ್ಷಗಳಾದವು. ಮಾತನಾಡಿಸಲು ಬಂದವರಿಂದ ಆಗ ನನಗೆ ಯಾವುದು ಆಸರೆಯಾಯಿತು, ಯಾವುದು ಚುಚ್ಚಿತು ಎಂದು ಹೇಳಿದರೆ ನಿಮಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

“ಹೇಗಾಯ್ತು? ಡಾಕ್ಟರು ಏನಂದ್ರು?” ಎಂದು ಬಂದವರೆಲ್ಲ ಕೇಳುತ್ತಿದ್ದರು. ಆ ರಾತ್ರಿಯ ಕಥೆಯನ್ನು ದಿನಕ್ಕೆ ಹತ್ತು ಸಲ ಮೊದಲಿಂದ ಹೇಳಬೇಕಾಗಿತ್ತು. “ಇನ್ನೊಂದು ಗಂಟೆ ಮುಂಚೆ ಸೇರಿಸಿದ್ದರೆ...” ಅಂದವರೂ ಉಂಟು. ಅವರು ಹೇಳಿ ಹೋದರು. ಆ ಮಾತು ಮಾತ್ರ ಎಷ್ಟೋ ರಾತ್ರಿ ನನ್ನ ದಿಂಬಿನ ಪಕ್ಕದಲ್ಲೇ ಇತ್ತು. “ಮಕ್ಕಳಿಗೋಸ್ಕರ ಗಟ್ಟಿಯಾಗಿರು, ಅಳಬೇಡ” ಎನ್ನುವುದೂ ಒಳ್ಳೆಯ ಮನಸ್ಸಿನಿಂದಲೇ. ಆದರೆ ಅಳಬೇಡ ಅಂದರೆ ಅಳು ನಿಲ್ಲುವುದಿಲ್ಲ, ಬಚ್ಚಲುಮನೆಗೆ ಹೋಗುತ್ತದೆ ಅಷ್ಟೆ. “ಏನು ಹೇಳಬೇಕೋ ತಿಳೀತಿಲ್ಲ, ಸ್ವಲ್ಪ ಹೊತ್ತು ಜೊತೇಲಿ ಕೂತಿರ್ತೀನಿ” ಅಂದರೆ ಸಾಕು.

ಮೊದಲ ದಿನಗಳಿಗೆ ನಮ್ಮ ಹಿಂದಿನವರು ವ್ಯವಸ್ಥೆ ಮಾಡಿಟ್ಟಿದ್ದಾರೆ. ಸಾವಿನ ಮನೆಗೆ ಅಕ್ಕಪಕ್ಕದವರು ಊಟ ಕಳಿಸುವ ಪದ್ಧತಿ ಹಿಂದೂಗಳಲ್ಲೂ ಇದೆ, ಮುಸಲ್ಮಾನರಲ್ಲೂ ಇದೆ. 2020-21ರ ಕೋವಿಡ್ ದಿನಗಳಲ್ಲಿ ಈ ಭಾಗ್ಯವೂ ಇಲ್ಲದೆ ಒಂಟಿಯಾಗಿ ಅತ್ತವರೆಷ್ಟೋ! ನನಗೆ ಅದು ದೊರಕಿತ್ತು. ಹದಿಮೂರು ದಿನ ಮನೆ ತುಂಬ ಜನ. ವೈಕುಂಠ ಸಮಾರಾಧನೆಯ ಮಾರನೆಯ ದಿನ ನೆಂಟರು ಬಸ್ಸು ಹತ್ತಿದರು, ಶಾಮಿಯಾನದವನು ಕುರ್ಚಿ ಒಯ್ದ. ಬೆಳಿಗ್ಗೆ ಎದ್ದು ಫಿಲ್ಟರಿಗೆ ಎಂದಿನಂತೆ ಇಬ್ಬರಿಗಾಗುವಷ್ಟು ಕಾಫಿಪುಡಿ ಹಾಕಿಬಿಟ್ಟಿದ್ದೆ. ನಿಜವಾದ ದುಃಖ ಶುರುವಾದದ್ದು ಆಗಲೇ.

ಅವತ್ತು ಸಂಜೆ ನಾಲ್ಕಕ್ಕೆ ಹಿಂದಿನ ಬೀದಿಯ ಹೆಂಗಸೊಬ್ಬರು ಒಂದು ಚೀಲ ಅವರೆಕಾಯಿ ಹಿಡಿದು ಬಂದರು. “ಒಬ್ಬಳೇ ಸುಲಿಯೋಕೆ ಬೇಜಾರು, ಬನ್ನಿ” ಅಂದು ಚಾಪೆ ಹಾಸಿ ಕೂತರು. ಸುಲಿಯುತ್ತಾ, “ರಾಯರಿಗೆ ಹಿತಕಿದ ಬೇಳೆ ಸಾರು ಅಂದ್ರೆ ಪ್ರಾಣ ಅಲ್ವೇನ್ರೀ?” ಅಂದರು. ನನಗೆ ನೆನಪಾದೀತೆಂದು ಹೆದರಿ ಉಳಿದವರೆಲ್ಲ ಅವರ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಮರೆತಿದ್ದರೆ ತಾನೇ ನೆನಪಾಗುವುದು! ನಾನು ಗೊಳೋ ಎಂದು ಅತ್ತೆ. ಆಕೆ ಸುಲಿಯುತ್ತಲೇ ಇದ್ದರು. ಆಮೇಲೆ ಸೊಗಡಿಲ್ಲದ ಕಾಯಿ ತಂದದ್ದಕ್ಕೆ ಇವರು ತರಕಾರಿಯವಳ ಜೊತೆ ಜಗಳವಾಡಿದ್ದನ್ನು ನಾನೇ ಹೇಳಿ ನಕ್ಕೆ. ಆ ಚಳಿಗಾಲವೆಲ್ಲ ಆಕೆ ವಾರಕ್ಕೆರಡು ಸಲ ಬಂದರು.

“ಏನಾದ್ರೂ ಬೇಕಿದ್ರೆ ಹೇಳಿ” ಎನ್ನುವುದರಿಂದ ಪ್ರಯೋಜನ ಕಡಿಮೆ. ಆ ಹೊತ್ತಿನಲ್ಲಿ ಏನು ಬೇಕೆಂದು ನಮಗೇ ತಿಳಿಯದು. ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ಪಿಂಚಣಿ, ಬ್ಯಾಂಕು, ವಿಮೆ ಎಲ್ಲದಕ್ಕೂ ಮರಣ ಪ್ರಮಾಣಪತ್ರ ಬೇಕು. “ನಾಳೆ ಹತ್ತು ಗಂಟೆಗೆ ಬ್ಯಾಂಕಿಗೆ ನಾನೂ ಬರ್ತೀನಿ” ಅನ್ನಿ. ಅದೇ ದೊಡ್ಡ ಸಾಂತ್ವನ.

ಇನ್ನೊಂದು ಮಾತು. ವರ್ಷ ತುಂಬಿದ ಮೇಲೂ ಸಂಕ್ರಾಂತಿಯಲ್ಲಿ ಎಳ್ಳು ಬೀರಲು ಬಂದ ಹೆಣ್ಣುಮಕ್ಕಳು ನನ್ನ ಬಾಗಿಲು ದಾಟಿ ಪಕ್ಕದ ಮನೆಗೆ ಹೋದರು. ಗಂಡ ಹೋದ ದುಃಖದ ಮೇಲೆ ಇದೊಂದು ಬರೆ. ನಿಮ್ಮ ಮನೆಯ ಹುಡುಗಿಯರಿಗೆ ಹೇಳಿ, ಅಂಥ ಬಾಗಿಲನ್ನೇ ಮೊದಲು ತಟ್ಟಲಿ.

ದುಃಖಕ್ಕೆ ಐದು ಮೆಟ್ಟಿಲುಗಳೆಂದು ನೀವು ಓದಿರಬಹುದು. ಎಲಿಸಬೆತ್ ಕ್ಯೂಬ್ಲರ್-ರಾಸ್ ಎಂಬ ವೈದ್ಯೆ 1969ರಲ್ಲಿ ಅದನ್ನು ಬರೆದದ್ದು ಸಾವನ್ನು ಎದುರು ನೋಡುತ್ತಿದ್ದ ರೋಗಿಗಳನ್ನು ಮಾತನಾಡಿಸಿ. ಉಳಿದವರ ದುಃಖ ಹೀಗೆ ಸಾಲಾಗಿ ಬರುವುದಿಲ್ಲ. ಒಂದು ವಾರ ಚೆನ್ನಾಗಿದ್ದು, ಬೀರುವಿನಲ್ಲಿ ಅವರ ಕನ್ನಡಕ ಸಿಕ್ಕಿದರೆ ಮತ್ತೆ ಮೊದಲಿಂದ. ಅದಕ್ಕೆ ಗಾಬರಿ ಬೇಡ. ಆದರೆ ತಿಂಗಳುಗಟ್ಟಲೆ ಊಟ, ನಿದ್ದೆ, ಕೆಲಸ ಯಾವುದೂ ಹಿಡಿತಕ್ಕೆ ಬಾರದಿದ್ದರೆ ವೈದ್ಯರಿಗೆ ತೋರಿಸಿ. ಬದುಕೇ ಬೇಡವೆನಿಸಿದರಂತೂ ಒಂದು ದಿನವೂ ಕಾಯಬೇಡಿ. 2022ರಲ್ಲಿ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಇದೆ. 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತನಾಡಬಹುದು, ಖರ್ಚಿಲ್ಲ.

ಸಾವಿನ ಮನೆಯಿಂದ ಹೊರಡುವಾಗ “ಹೋಗಿ ಬರ್ತೀನಿ” ಅನ್ನಬಾರದೆಂಬುದು ನಮ್ಮ ರೂಢಿ. ಹದಿಮೂರು ದಿನ ಅದನ್ನು ಪಾಲಿಸಿ, ಬೇಡವೆನ್ನುವುದಿಲ್ಲ. ಹದಿನಾಲ್ಕನೆಯ ದಿನ ಮಾತ್ರ ಮರೆಯದೆ ಹೋಗಿ. ಹೊರಡುವಾಗ ಧಾರಾಳವಾಗಿ ಹೇಳಿ: “ಗುರುವಾರ ಮತ್ತೆ ಬರ್ತೀನಿ ಕಣ್ರೀ.”

ಗುರುವಾರ ತಪ್ಪಿಸಬೇಡಿ. ಒಳಗೆ ಒಬ್ಬರು ಗಡಿಯಾರ ನೋಡುತ್ತಿರುತ್ತಾರೆ.