ಫಾರ್ಮ್ಯಾಟ್ ಹೊಡೆಸ್ಲಾ?

ಊರಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಅಂದರೆ ಕರೆಂಟಿನಲ್ಲಿ ಓಡುವ ಏನನ್ನಾದರೂ ರಿಪೇರಿ ಮಾಡಬಲ್ಲವನು ಅಂತ ಅರ್ಥ. ನಾನು ಬೆಂಗಳೂರಿನಲ್ಲಿ ದಿನವಿಡೀ ಬರೆಯೋದು ಜಾವಾ ಕೋಡು. ಹಬ್ಬಕ್ಕೆ ಊರಿಗೆ ಹೋದರೆ ಮುಂದೆ ಬಂದು ಕೂರೋದು ಟಿವಿ ರಿಮೋಟು, ಚಾರ್ಜ್ ನಿಲ್ಲದ ಮೊಬೈಲು, ಒಂದ್ಸಲ ಬೋರ್‌ವೆಲ್ಲಿನ ಸ್ಟಾರ್ಟರ್ ಡಬ್ಬ ಕೂಡ. ಹಾಗಾಗಿ ಒಂದು ಮಂಗಳವಾರ ಬೆಳಗ್ಗೆ ಆರೂವರೆಗೆ ನಮ್ಮೂರ ಹಾಲಿನ ಡೈರಿ ಸೆಕ್ರೆಟರಿ ಫೋನ್ ಮಾಡಿದಾಗ ಆಶ್ಚರ್ಯವೇನೂ ಆಗಲಿಲ್ಲ.

"ಡೈರಿ ಸಾಫ್ಟ್‌ವೇರು ಹ್ಯಾಂಗ್ ಆಗೈತೆ ಕಣಪ್ಪ. ಸೀಡಿಯಿಂದ ಮತ್ತೆ ಹಾಕಾಣ ಅಂದ್ರೆ ಅದೂ ಅರ್ಧಕ್ಕೇ ನಿಂತೈತೆ. ಪ್ಯಾಟೆ ಹುಡುಗ ಫಾರ್ಮ್ಯಾಟ್ ಹೊಡೀತೀನಿ ಅಂತಾನೆ. ಹೊಡೆಸ್ಲಾ?"

"ಬ್ಯಾಡಿ!" ಅಂತ ನಾನು ಕೂಗಿದ್ದಕ್ಕೆ ಹೆಂಡತಿ ಎದ್ದು ಕೂತಳು.

ನೆಗಡಿ ಬಂದರೆ ಮೂಗು ಕುಯ್ಯೋ ವೈದ್ಯ ಈ ಫಾರ್ಮ್ಯಾಟು. ನೆಗಡಿಯೇನೋ ಹೋಗುತ್ತೆ. ಯಾಕೆ ಬಂದಿತ್ತು ಅನ್ನೋದೂ ಅದರ ಜೊತೆಗೇ ಹೋಗುತ್ತೆ, ಮುಂದಿನ ವಾರ ಮತ್ತೆ ಬರುತ್ತೆ. ಅದೂ ಈ ಕಂಪ್ಯೂಟರಿನಲ್ಲಿ ಇದ್ದದ್ದು ಸಿನಿಮಾ ಹಾಡಲ್ಲ, ನೂರಕ್ಕೂ ಹೆಚ್ಚು ಮನೆಯವರು ಹತ್ತು ದಿನದಿಂದ ಎರಡು ಹೊತ್ತು ಹಾಕಿದ ಹಾಲಿನ ಲೆಕ್ಕ. ಗುರುವಾರ ಬಟವಾಡೆ.

ನಾನು ಚಿಕ್ಕವನಿದ್ದಾಗ ಡೈರಿಯಲ್ಲಿ ಗರ್ಬರ್ ಪರೀಕ್ಷೆ. ಗಾಜಿನ ಕೊಳವೆಗೆ ಆಸಿಡ್, ಹಾಲು, ಒಂದಿಷ್ಟು ಆಲ್ಕೋಹಾಲ್ ಹಾಕಿ ಗಿರಗಿರ ತಿರುಗಿಸಿ, ಮೇಲೆ ನಿಂತ ಕೊಬ್ಬನ್ನು ಓದಿ ಪುಸ್ತಕಕ್ಕೆ ಬರೆಯೋರು. ಈಗ ಹಾಲು ಹೀರಿಕೊಂಡು ಸ್ವಲ್ಪ ಹೊತ್ತಿನಲ್ಲೇ ಫ್ಯಾಟು, ಎಸ್‌ಎನ್‌ಎಫ್ ಹೇಳೋ ಮಷೀನು. ಹಸುವಿನ ಹಾಲಿಗೆ 3.5 ಫ್ಯಾಟು, 8.5 ಎಸ್‌ಎನ್‌ಎಫ್ ಲೆಕ್ಕ. ಅದರ ಮೇಲೆ ಕೆಳಗೆ ಹೋದಂತೆ ದರ ಏರಿಳಿಯುತ್ತೆ. ಮಷೀನು ಹೇಳಿದ್ದನ್ನ ಒಂದು ವೈರಿನಲ್ಲಿ ಕಂಪ್ಯೂಟರ್ ಕೇಳಿಸಿಕೊಂಡು ದುಡ್ಡು ಕಟ್ಟುತ್ತೆ. ಪುಸ್ತಕ ಬರೆಯೋದು ನಿಲ್ಲಿಸಿ ಎರಡು ವರ್ಷವಾಗಿತ್ತು. ಚೀಟಿ ಕೊಡ್ತಾರೆ ನಿಜ, ಆದರೆ ಚೀಟಿ ಜೋಪಾನ ಮಾಡೋರು ಯಾರು? ನಮ್ಮ ಪಕ್ಕದ ಮನೆ ಅಜ್ಜಿಗೆ ಇರೋದು ಒಂದೇ ಹಸು, ಬಿಪಿ ಮಾತ್ರೆ ಬರೋದು ಆ ದುಡ್ಡಲ್ಲೇ. ಅವಳ ಚೀಟಿಗಳೆಲ್ಲ ಒಲೆ ಉರಿಗೆ ಹೋಗಿರುತ್ತವೆ.

ಮೊದಲ ಕೆಲಸ, ಲೆಕ್ಕದ ಫೈಲನ್ನು ಪೆನ್‌ಡ್ರೈವಿಗೆ ಕಾಪಿ ಮಾಡಿಸಿದ್ದು. ಸಿ ಡ್ರೈವಿನಲ್ಲಿ ಡೈರಿ ಫೋಲ್ಡರು, ಅದರೊಳಗೆ ಎಂಡಿಬಿ ಅಂತ ಕೊನೆಯಾಗೋ ಒಂದು ಫೈಲು. ಇಷ್ಟಕ್ಕೇ ಇಪ್ಪತ್ತು ನಿಮಿಷ ಹಿಡಿಯಿತು. ಆಮೇಲೆ ನನಗೂ ಸ್ವಲ್ಪ ಧೈರ್ಯ ಬಂತು.

"ಈಗ ಸೆಟಪ್ ಎಲ್ಲಿಗೆ ನಿಂತಿದೆ?"

"ಪಚ್ಚೆ ಗೆರೆ ಮುಕ್ಕಾಲು ಬಂದು ನಿಂತೈತೆ. ನಾಟ್ ರೆಸ್ಪಾಂಡಿಂಗ್ ಅಂತೈತೆ. ಸತ್ತೋಯ್ತೇನೋ."

ಸತ್ತಿರೋದಿಲ್ಲ. ಒಂದು ಕಿಟಕಿ 5 ಸೆಕೆಂಡು ವಿಂಡೋಸ್ ಕಳಿಸಿದ ಮಾತಿಗೆ ಓಗೊಡದಿದ್ದರೆ ವಿಂಡೋಸ್ ಈ ಬೋರ್ಡು ತಗಲಿಸುತ್ತೆ. ಒಳಗೆ ಕೆಲಸ ನಡೀತಿರಬಹುದು, ಯಾರಿಗೋ ಕಾಯ್ತಿರಬಹುದು. ಎಷ್ಟೋ ಸಲ 'ಓಕೆ ಒತ್ತಿ' ಅಂತ ಕೇಳೋ ಪುಟ್ಟ ಕಿಟಕಿ ದೊಡ್ಡ ಕಿಟಕಿಯ ಹಿಂದೆ ಅಡಗಿರುತ್ತೆ. ಆಲ್ಟ್ ಟ್ಯಾಬ್ ಒತ್ತಿಸಿ ನೋಡಿದೆ, ಇರಲಿಲ್ಲ. ಟಾಸ್ಕ್ ಮ್ಯಾನೇಜರ್ ತೆಗೆಸಿ ಪಟ್ಟಿ ಓದಿಸಿದೆ. "ಎಂ ಎಸ್ ಐ ಅಂತ ಶುರುವಾಗೋವು ನಾಕೈದವೆ" ಅಂದರು. ತಡವಾಯಿತು ಅಂತ ಸೀಡಿ ಮೇಲೆ ಮತ್ತೆ ಮತ್ತೆ ಒತ್ತಿದ್ದರು. ವಿಂಡೋಸಿನ ಇನ್‌ಸ್ಟಾಲರು ಒಂದು ಹೊತ್ತಿಗೆ ಒಂದೇ ಇನ್‌ಸ್ಟಾಲ್ ಮಾಡೋದು. ಎರಡನೆಯದಕ್ಕೆ 1618 ಅನ್ನೋ ನಂಬರು ಕೊಟ್ಟು ಆಚೆ ನಿಲ್ಲಿಸುತ್ತೆ.

ರೀಸ್ಟಾರ್ಟ್ ಮಾಡಿಸಿದೆ. ನಮ್ಮ ಆಫೀಸಿನಲ್ಲೂ ಇದನ್ನ ಗೇಲಿ ಮಾಡ್ತಾರೆ, ಆದರೆ ಗೇಲಿಯ ವಿಷಯ ಅಲ್ಲ. ಬಳಕೆಯಲ್ಲಿರೋ ಫೈಲನ್ನ ಬದಲಿಸೋಕಾಗದಿದ್ದರೆ ಸೆಟಪ್‌ಗಳು 'ಮುಂದಿನ ಸಲ ಎದ್ದಾಗ ಬದಲಿಸು' ಅಂತ ಬರೆದಿಟ್ಟಿರುತ್ತವೆ. ರೀಸ್ಟಾರ್ಟ್ ಆದಾಗಲೇ ಆ ಬಾಕಿ ತೀರೋದು. ಎದ್ದ ಮೇಲೆ ಒಂದೇ ಸಲ ಸೆಟಪ್ ಒತ್ತಿಸಿದೆ. ಮತ್ತೆ ಮುಕ್ಕಾಲಿಗೇ ನಿಂತಿತು. ಡೈರಿ ಸಾಫ್ಟ್‌ವೇರೂ ಹಾಗೆಯೇ, ತೆರೆದ ಕೂಡಲೇ ಗಪ್‌ಚುಪ್. ಎರಡೂ ಒಂದೇ ಕಡೆ ಸಿಕ್ಕಿಕೊಂಡಿವೆ ಅಂತ ಅನ್ನಿಸಿದ್ದು ಆಗ.

"ಹೊಸದಾಗಿ ಏನು ಹಾಕಿದ್ರಿ?"

"ಏನೂ ಇಲ್ಲಪ್ಪ, ದೇವ್ರಾಣೆ."

ಈ ಪ್ರಶ್ನೆಗೆ ಇದುವರೆಗೂ ಯಾರೂ ಬೇರೆ ಉತ್ತರ ಕೊಟ್ಟಿಲ್ಲ. ಕಂಟ್ರೋಲ್ ಪ್ಯಾನೆಲ್ಲಿನ ಪಟ್ಟಿಯನ್ನ ತಾರೀಖಿನ ಪ್ರಕಾರ ಜೋಡಿಸಿದರೆ ಅದು ಯಾರ ಮುಲಾಜೂ ನೋಡೋದಿಲ್ಲ. ಭಾನುವಾರದ ತಾರೀಖಿನಲ್ಲಿ ಎರಡು ಹೆಸರು: ಒಂದು ಆಂಟಿವೈರಸ್ಸು, ಒಂದು ಇಂಟರ್‌ನೆಟ್ ಡಾಂಗಲ್ಲಿನದು. "ಓ, ಅದಾ! ನನ್ ಮಗ ಬಂದಿದ್ದ, ರಿಸಲ್ಟ್ ನೋಡಾಕೆ" ಅಂದರು.

ಜನ ಮೊದಲು ಬಯ್ಯೋದು ಆಂಟಿವೈರಸ್ಸನ್ನ. ನನ್ನ ಅನುಮಾನ ಡಾಂಗಲ್ ಮೇಲೆ. ಹಾಲಿನ ಮಷೀನು ಮಾತಾಡೋದು ಹಳೇ ಕಾಲದ ಸೀರಿಯಲ್ ವೈರಿನಲ್ಲಿ. ವಿಂಡೋಸ್ ಅದಕ್ಕೆ ಕಾಮ್ 3 ಅಂತ ಹೆಸರಿಟ್ಟಿತ್ತು. ಕಾಮ್ ಪೋರ್ಟಿನ ಕಾನೂನು ಬಲು ಬಿಗಿ: ಒಂದು ಹೊತ್ತಿಗೆ ಒಬ್ಬನೇ ಒಳಗೆ. ಒಬ್ಬ ಚಿಲಕ ಹಾಕಿಕೊಂಡ ಅಂದರೆ ಇನ್ನೊಬ್ಬ ಬಾಗಿಲಲ್ಲೇ. ಡಾಂಗಲ್ಲೂ ತನ್ನನ್ನ ಮೋಡೆಮ್ ಅಂತಲೇ ಹೇಳಿಕೊಳ್ಳೋದು. ಅದರ ತಂತ್ರಾಂಶಗಳಲ್ಲಿ ಕೆಲವು, ತಮ್ಮ ಮೋಡೆಮ್ ಯಾವ ಬಾಗಿಲಲ್ಲಿದೆ ಅಂತ ಇರೋ ಬರೋ ಕಾಮ್ ಪೋರ್ಟನ್ನೆಲ್ಲ ತಟ್ಟಿ 'ಎಟಿ' ಅಂತ ಕೂಗ್ತವೆ. 1981ರ ಹೇಯ್ಸ್ ಸ್ಮಾರ್ಟ್‌ಮೋಡೆಮ್ ಕಾಲದಿಂದ ಬಂದ ಕೂಗು ಅದು. ಮೋಡೆಮ್ ಇದ್ದರೆ 'ಓಕೆ' ಅನ್ನಬೇಕು. ನಮ್ಮೂರ ಹಾಲಿನ ಮಷೀನಿಗೆ ಫ್ಯಾಟು ಬಿಟ್ಟು ಬೇರೆ ಏನು ಗೊತ್ತು?

ಎಂಎಸ್‌ಕಾನ್‌ಫಿಗ್ ತೆಗೆಸಿ ಸ್ಟಾರ್ಟಪ್ ಪಟ್ಟಿಯಲ್ಲಿ ಡಾಂಗಲ್ಲಿನ ಟಿಕ್ ಒಂದನ್ನೇ ತೆಗೆಸಿದೆ, ರೀಸ್ಟಾರ್ಟ್. ಡೈರಿ ಸಾಫ್ಟ್‌ವೇರು ಎದ್ದಿತು. ಸೆಕ್ರೆಟರಿ "ಬಂತು ಬಂತು!" ಅಂತ ಕುಣಿದಾಡುವಾಗಲೇ ಮತ್ತೆ ಟಿಕ್ ಹಾಕಿಸಿ ರೀಸ್ಟಾರ್ಟ್ ಮಾಡಿಸಿದೆ. "ಸರಿಹೋಗಿದ್ದನ್ನ ಯಾಕಪ್ಪ ಕೆಡಿಸ್ತೀಯ?" ಅಂತ ರೇಗಿದರು. ಮತ್ತೆ ನಿಂತಿತು. ತೆಗೆದರೆ ಓಡಬೇಕು, ಹಾಕಿದರೆ ನಿಲ್ಲಬೇಕು. ಎರಡನ್ನೂ ಕಣ್ಣಾರೆ ಕಂಡ ಮೇಲೇ ಕಳ್ಳ ಸಿಕ್ಕ ಅನ್ನೋದು. ಆಂಟಿವೈರಸ್ಸಿನದು ಏನೂ ತಪ್ಪಿರಲಿಲ್ಲ. ಸೆಟಪ್ ಮುಕ್ಕಾಲಿಗೆ ನಿಲ್ತಿದ್ದದ್ದೂ ಇದಕ್ಕೇ, ಕೊನೆಯಲ್ಲಿ ಅದು ಮಷೀನನ್ನು ಮಾತಾಡಿಸಿ ನೋಡುತ್ತೆ.

ನನಗೆ ಸಿಟ್ಟು ಬಂದದ್ದು ಡಾಂಗಲ್ ಮೇಲಲ್ಲ, ಈ ಡೈರಿ ಸಾಫ್ಟ್‌ವೇರ್ ಬರೆದ ನನ್ನ ಕುಲಬಾಂಧವನ ಮೇಲೆ. ಪೋರ್ಟು ಸಿಗದಿದ್ದರೆ ಅದು ಸಿಗೋವರೆಗೂ ಮೂಕನ ಹಾಗೆ ಕೇಳ್ತಾ ಕೂರೋ ಕೋಡು. 'ಮಷೀನಿನ ವೈರನ್ನು ಬೇರೆ ಯಾರೋ ಹಿಡಿದಿದ್ದಾರೆ' ಅಂತ ಒಂದು ಸಾಲು ತೋರಿಸೋಕೆ ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷ ಉಳಿಸಿದ್ದಕ್ಕೆ ಹತ್ತು ದಿನದ ಹಾಲಿನ ಲೆಕ್ಕ ಅಳಿಸಿಹೋಗೋದರಲ್ಲಿತ್ತು.

ಡಾಂಗಲ್ಲು ಮಗನ ಲ್ಯಾಪ್‌ಟಾಪಿಗೆ ಹೋಯಿತು. ಲೆಕ್ಕದ ಫೈಲನ್ನು ಪ್ರತಿ ಸಂಜೆ ಪೆನ್‌ಡ್ರೈವಿಗೆ ಹಾಕೋ ಕೆಲಸ ಸೆಕ್ರೆಟರಿ ಹೆಂಡತಿಗೆ ಬಂತು, ಆಕೆ ಮರೆಯೋದಿಲ್ಲ. ಗುರುವಾರ ಬಟವಾಡೆ ಆಯಿತು. ಆ ವಾರವೇ ನಮ್ಮಮ್ಮನ ಚೀಟಿಯಲ್ಲಿ ಫ್ಯಾಟು 3.6ರಿಂದ 3.9ಕ್ಕೆ ಏರಿತು. ಹಿಂಡಿ ಬದಲಾಯಿಸಿದ್ದಕ್ಕೆ ಅಂತ ಅಮ್ಮ ಹೇಳ್ತಾಳೆ. ಕಂಪ್ಯೂಟರಿನಲ್ಲಿ ಮಗ ಏನೋ ಒತ್ತಿಸಿದ್ದಾನೆ ಅಂತ ಪಕ್ಕದ ಮನೆ ಅಜ್ಜಿ ಹೇಳ್ತಾಳೆ. ಹಬ್ಬಕ್ಕೆ ಹೋದಾಗ ಮೆಲ್ಲಗೆ ಹತ್ತಿರ ಬಂದು, ತನ್ನ ಹಸುವಿಗೂ ಒಂಚೂರು ಒತ್ತಿಸಿಕೊಡು ಅಂದಳು.