32 ಯಾರಿಗೆ, 43 ಯಾರಿಗೆ?

ಕಳೆದ ದಸರೆಯ ಹೊತ್ತಿಗೆ ನಮ್ಮ ಮನೆಯ ಟಿವಿ ಕೈಕೊಟ್ಟಿತು. ಮಾತು ಬರುತ್ತಿತ್ತು, ಚಿತ್ರ ಇಲ್ಲ. ಅದೇ ವಾರ ಬನಹಟ್ಟಿಯಿಂದ ಸೋದರಳಿಯ ಫೋನ್ ಮಾಡಿ, "ಮಾಮಾ, ಅವ್ವನ ಕೋಣ್ಯಾಗಿನ ಡಬ್ಬಾ ಟಿವೀನೂ ಸುಟ್ಟು ಹೋತು" ಎಂದ. ಅವನ ಅವ್ವ ಎಂದರೆ ನನ್ನ ಅಕ್ಕ, ಎಂಬತ್ತು ದಾಟಿದಾಕೆ. ಹೀಗೆ ಜಮಖಂಡಿಗೊಂದು, ಬನಹಟ್ಟಿಗೊಂದು, ಎರಡು ಟಿವಿ ಒಮ್ಮೆಲೇ ಕೊಳ್ಳುವ ಪ್ರಸಂಗ ಬಂತು. ಅಕ್ಕನ ಟಿವಿಯ ಖರ್ಚು ನನ್ನದು ಎಂದು ನಾನೇ ಹೇಳಿದೆ. ನಾನು ಬಿ.ಕಾಂ. ಓದಿದ್ದು ಅಕ್ಕ ಕಂಡಿಕೆ ಸುತ್ತಿ ಕೂಡಿಸಿದ ಕೂಲಿಯಲ್ಲಿ. ಆ ಸಾಲದ ಬಡ್ಡಿ ಕೂಡ ಇನ್ನೂ ತೀರಿಲ್ಲ.

ಬ್ಯಾಂಕಿನಲ್ಲಿ ಜೀವಮಾನವೆಲ್ಲ ಲೆಡ್ಜರ್ ಬರೆದವನಿಗೆ ಒಂದು ಚಟ ಉಳಿದಿರುತ್ತದೆ. ಏನೇ ಕೊಳ್ಳುವುದಿದ್ದರೂ ಹಾಳೆಯ ನಡುವೆ ಗೆರೆ ಎಳೆದು ಎರಡು ಕಾಲಂ ಮಾಡುವುದು. ಎಡಕ್ಕೆ 32 ಇಂಚು, ಬಲಕ್ಕೆ 43 ಇಂಚು ಎಂದು ಬರೆದೆ. ಜಮಖಂಡಿಯಲ್ಲಿ ಎರಡು ಅಂಗಡಿ, ಮುಧೋಳದಲ್ಲಿ ಒಂದು ಅಂಗಡಿ ಸುತ್ತಿ ಬಂದೆ. ಚಿಕ್ಕದಕ್ಕೆ 11,500 ರೂಪಾಯಿ, ದೊಡ್ಡದಕ್ಕೆ 20,500. ನಮ್ಮ ಅದೃಷ್ಟಕ್ಕೆ ತೆರಿಗೆಯೂ ಆಗಷ್ಟೇ ಇಳಿದಿತ್ತು. 32 ಇಂಚಿನವರೆಗಿನ ಟಿವಿಗೆ ಜಿಎಸ್‌ಟಿ 2019ರಿಂದಲೇ ಶೇಕಡಾ 18. ಅದಕ್ಕಿಂತ ದೊಡ್ಡದಕ್ಕೆ ಶೇಕಡಾ 28 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ 18 ಆಯಿತು.

ಒಂಬತ್ತನೇ ತರಗತಿಯ ಮೊಮ್ಮಗಳು ನನ್ನ ಹಾಳೆಯನ್ನು ನೋಡಿ, "ಅಜ್ಜಾ, ಬರೀ ಹನ್ನೊಂದು ಇಂಚಿಗೆ ಒಂಬತ್ತು ಸಾವಿರ ಯಾಕ ಹೆಚ್ಚು?" ಎಂದಳು. ಮಕ್ಕಳೇ, ನಿಮಗೂ ಹೀಗೆ ಅನ್ನಿಸಿರಬಹುದು. ಟಿವಿಯ ಇಂಚನ್ನು ಅಗಲದಲ್ಲಿ ಅಳೆಯುವುದಿಲ್ಲ, ಮೂಲೆಯಿಂದ ಎದುರು ಮೂಲೆಗೆ ಅಳೆಯುತ್ತಾರೆ. 32 ಇಂಚಿನ ಪರದೆ ಸುಮಾರು 28 ಇಂಚು ಅಗಲ, 16 ಇಂಚು ಎತ್ತರ. 43 ಇಂಚಿನದು ಸುಮಾರು ಮೂವತ್ತೇಳೂವರೆ ಇಂಚು ಅಗಲ, 21 ಇಂಚು ಎತ್ತರ. ಶಾಲೆಯಲ್ಲಿ ಕಲಿತ ಪೈಥಾಗೊರಸ್ ಪ್ರಮೇಯ ಹಾಕಿ ನೋಡಿ, ಹೆಚ್ಚುಕಡಿಮೆ ಸರಿಯಾಗಿ ಕೂಡುತ್ತದೆ. ಮೊಮ್ಮಗಳು ಅಗಲ ಎತ್ತರ ಗುಣಿಸಿದಳು. ಒಂದು 448 ಚದರ ಇಂಚು, ಇನ್ನೊಂದು 787. "ಹನ್ನೊಂದು ಇಂಚಲ್ಲ ಅಜ್ಜಾ, ಇನ್ನೂ ಮುಕ್ಕಾಲು ಟಿವಿ ಹೆಚ್ಚಿಗೆ ಬರ್ತೈತಿ!" ಎಂದು ಕುಣಿದಳು. ಅವಳಿಗೆ ದೊಡ್ಡದೇ ಬೇಕಾಗಿತ್ತು. ಮಹಿಳೆಯರ ವಿಶ್ವಕಪ್ ಕ್ರಿಕೆಟ್ ನಡೆದಿತ್ತಲ್ಲ!

ಚುಕ್ಕಿಗಳ ಲೆಕ್ಕವನ್ನೂ ಬರೆದೆ. ಪರದೆಯ ಮೇಲಿನ ಚಿತ್ರ ಎಂದರೆ ಲಕ್ಷಗಟ್ಟಲೆ ಬೆಳಕಿನ ಚುಕ್ಕಿಗಳು. ನಾವು ನೋಡಿದ 32 ಇಂಚಿನದು ಎಚ್‌ಡಿ ರೆಡಿ, ಅಂದರೆ ಅಡ್ಡ 1366, ಉದ್ದ 768, ಒಟ್ಟು ಹತ್ತೂವರೆ ಲಕ್ಷ ಚುಕ್ಕಿ. 43 ಇಂಚಿನದು ಫುಲ್ ಎಚ್‌ಡಿ, ಅಡ್ಡ 1920, ಉದ್ದ 1080, ಇಪ್ಪತ್ತು ಲಕ್ಷ ದಾಟುತ್ತದೆ. ಚುಕ್ಕಿ ಹೆಚ್ಚಿದ್ದರೆ ಹತ್ತಿರ ಕೂತರೂ ಅಕ್ಷರದ ಅಂಚು ಒಡೆಯುವುದಿಲ್ಲ. ಈ ಮಾತು ಮುಂದೆ ಉಪಯೋಗಕ್ಕೆ ಬಂತು, ಆದ್ದರಿಂದ ನೆನಪಿಡಿ.

ಅಂಗಡಿಯ ಹುಡುಗ ಎರಡರಲ್ಲೂ ಕಣ್ಣು ಕುಕ್ಕುವ ಹೂವು, ಗಿಳಿ, ಜಲಪಾತ ತೋರಿಸಿದ. ನಾನು, "ತಮ್ಮಾ, ಇದನ್ನ ತಗದು ಚಂದನ ಹಚ್ಚಪಾ, ನಾವು ಮನ್ಯಾಗ ಗಿಳಿ ನೋಡಂಗಿಲ್ಲ" ಎಂದೆ. ಮಾಮೂಲಿ ಚಾನೆಲ್ ಹಾಕಿದಾಗಲೇ ಟಿವಿಯ ನಿಜವಾದ ಗುಣ ತಿಳಿಯುವುದು. ಆಮೇಲೆ ಎಡಕ್ಕೆ ಹೋಗಿ ನಿಂತೆ, ಬಲಕ್ಕೆ ಹೋಗಿ ನಿಂತೆ. ದೊಡ್ಡದರ ಬಣ್ಣ ಬದಿಯಿಂದ ನೋಡಿದರೆ ಮಂಕಾಗುತ್ತಿತ್ತು. ಚಿಕ್ಕದರದ್ದು ಹಾಗೆಯೇ ಇತ್ತು. ಪರದೆಗಳಲ್ಲೇ ಬೇರೆ ಬೇರೆ ಜಾತಿ ಇರುತ್ತವೆ. ಹಿಂದೆ ಕೈಯಾಡಿಸಿ, ಅಕ್ಕನ ಮನೆಯ ಫ್ರೀ ಡಿಶ್ ಡಬ್ಬಿಯ ಮೂರು ಬಣ್ಣದ ವೈರು ಸಿಕ್ಕಿಸಲು ಜಾಗವಿದೆಯೇ ಎಂದು ನೋಡಿದೆ. ಎರಡರಲ್ಲೂ ಇತ್ತು. ಕರೆಂಟು ಚಿಕ್ಕದಕ್ಕೆ 45 ವ್ಯಾಟ್, ದೊಡ್ಡದಕ್ಕೆ 75 ವ್ಯಾಟ್ ಎಂದು ಚೀಟಿಯಲ್ಲಿ ಬರೆದಿತ್ತು. ದಿನಕ್ಕೆ ಐದು ತಾಸು ನೋಡಿದರೆ ತಿಂಗಳಿಗೆ ನಾಲ್ಕೂವರೆ ಯೂನಿಟ್ ವ್ಯತ್ಯಾಸ, ಅಷ್ಟೇ.

ಎಲ್ಲ ಬರೆದು, ಕೆಳಗೆ ಎರಡು ಗೆರೆ ಎಳೆದು ತೀರ್ಮಾನ ಮಾಡಿದೆ. ನಮ್ಮ ಪಡಸಾಲೆ ದೊಡ್ಡದು, ನೋಡುವವರು ಐದು ಜನ. ನಮಗೆ 43. ಅಕ್ಕ ಒಬ್ಬಾಕೆ, ಕೋಣೆ ಚಿಕ್ಕದು, ಮಂಚದಿಂದ ಗೋಡೆಗೆ ಐದೂವರೆ ಅಡಿ. ಅಕ್ಕನಿಗೆ 32. ಇದಕ್ಕಿಂತ ನ್ಯಾಯವಾದ ಲೆಕ್ಕ ಇನ್ನೊಂದಿಲ್ಲ ಎನ್ನಿಸಿತು.

ದೀಪಾವಳಿಗೆ ಮೊದಲೇ ಎರಡೂ ಟಿವಿ ತಮ್ಮ ತಮ್ಮ ಮನೆ ಸೇರಿದವು. ನವೆಂಬರ್ 2ರ ರಾತ್ರಿ ನಮ್ಮ ಹುಡುಗಿಯರು ದಕ್ಷಿಣ ಆಫ್ರಿಕಾವನ್ನು ಸೋಲಿಸಿ ವಿಶ್ವಕಪ್ ಗೆದ್ದರು. ಮೊಮ್ಮಗಳು ಪರದೆಯ ಮುಂದೆ ಕುಣಿದ ಕುಣಿತಕ್ಕೆ ಕೆಳಗಿನ ಮನೆಯವರು ಎದ್ದು ಬಂದರು. 20,500 ರೂಪಾಯಿ ವಸೂಲಾಯಿತು ಎಂದುಕೊಂಡೆ.

ಎರಡು ವಾರದ ಮೇಲೆ ಮೊಮ್ಮಗಳನ್ನು ಕರೆದುಕೊಂಡು ಬನಹಟ್ಟಿಗೆ ಹೋದೆ. ರಬಕವಿ–ಬನಹಟ್ಟಿ ಕಂಡವರಿಗೆ ಗೊತ್ತು, ಅಲ್ಲಿ ಓಣಿ ಹೊಕ್ಕ ಕೂಡಲೇ ಮಗ್ಗದ ಸಪ್ಪಳ ಎದುರು ಬರುತ್ತದೆ. ಅಳಿಯನ ಮನೆಯಲ್ಲಿ ಮುಂದಿನ ಭಾಗದಲ್ಲಿ ನಾಲ್ಕು ಪವರ್‌ಲೂಮ್. ಹಿಂದಿನ ಕೋಣೆ ಅಕ್ಕನದು. ಅಕ್ಕ ಮಂಚದ ಮೇಲೆ ಕೂತು ಧಾರಾವಾಹಿ ನೋಡುತ್ತಿದ್ದಳು. ನಾನು ಹಣ್ಣಿನ ಚೀಲ ಇಳಿಸುವಷ್ಟರಲ್ಲಿ ಮೊಮ್ಮಗಳು ನನ್ನ ಅಂಗಿ ಜಗ್ಗಿದಳು. "ಅಜ್ಜಾ, ಟಿವಿ ಆವಾಜ್ ನೋಡ್ರಿ. ಸೊನ್ನಿ ಐತಿ."

ಕೆಟ್ಟಿದೆಯೇನೋ ಎಂದು ರಿಮೋಟ್ ತೆಗೆದುಕೊಂಡು ಏರಿಸಿದೆ. ಚೆನ್ನಾಗಿಯೇ ಬಂತು. ಅಕ್ಕ ಹೊರಳಿಯೂ ನೋಡಲಿಲ್ಲ. ಅವಳ ಮುಂದೆ ಹೋಗಿ ನಿಂತು, "ಅಕ್ಕಾ, ಆವಾಜ್ ಯಾಕ ಬಂದ್ ಮಾಡೀದಿ?" ಎಂದು ಕೂಗಿದೆ. ನನ್ನ ತುಟಿ ನೋಡಿ ಅಕ್ಕ ನಕ್ಕಳು. "ಏರಿಸಿದ್ರೂ ಅಷ್ಟ, ಇಳಿಸಿದ್ರೂ ಅಷ್ಟ ತಮ್ಮಾ. ನನಗ ಕೇಳ್ಸೂದಿಲ್ಲ. ಮಾರಿ ನೋಡಿ ಕತಿ ತಿಳ್ಕೋತೀನಿ. ಬಾತ್ಮಿ ಬಂದ್ರ ಕೆಳಗ ಅಕ್ಷರ ಓಡ್ತಾವಲ್ಲ, ಓದಾಕ ನೋಡ್ತೀನಿ. ಅಷ್ಟೊಳಗ ಓಡಿ ಹೋಗ್ತಾವ, ಸಣ್ಣವು."

ನಾನು ಮಂಚದ ತುದಿಗೆ ಕೂತುಬಿಟ್ಟೆ. ಅಕ್ಕ ಒಂದು ಕೇಳಿದರೆ ಒಂದು ಹೇಳುತ್ತಾಳೆ, ಫೋನ್ ಮಾಡಿದರೆ ತನ್ನ ಮಾತಷ್ಟೇ ಆಡಿ ಇಟ್ಟುಬಿಡುತ್ತಾಳೆ, ವಯಸ್ಸಾಯಿತು, ಹಟ ಹೆಚ್ಚಾಯಿತು ಎಂದು ಮನೆಯವರೆಲ್ಲ ಅಂದುಕೊಂಡಿದ್ದೆವು. ನಾನೂ ಎರಡು ಸಲ ರೇಗಿದ್ದೆ. ನಲವತ್ತು ವರ್ಷ ಅವಳು ಆ ಸಪ್ಪಳದ ನಡುವೆ ಕಂಡಿಕೆ ಸುತ್ತಿದ್ದಾಳೆ ಎಂಬುದು ಯಾರ ಕಾಲಂನಲ್ಲೂ ಇರಲಿಲ್ಲ.

1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾದಾಗ ಇದೇ ಅಕ್ಕ ಭಾನುವಾರ ಬೆಳಿಗ್ಗೆ ಕೆಲಸ ಬಿಟ್ಟು, ಓಣಿಯಲ್ಲಿ ಟಿವಿ ಇದ್ದ ಒಂದೇ ಮನೆಗೆ ಓಡುತ್ತಿದ್ದಳು. ಹಿಂದಿ ಒಂದಕ್ಷರ ಬಾರದು. ಮುಖ ನೋಡಿಯೇ ಕತೆ ತಿಳಿದು, ಬಂದು ನಮ್ಮ ಅವ್ವನಿಗೆ ಪೂರ್ತಿ ಹೇಳುತ್ತಿದ್ದಳು. ಈಗ ಕನ್ನಡವನ್ನೂ ಹಾಗೆಯೇ ನೋಡುವ ಪಾಳಿ ಬಂದಿದೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಮೊಮ್ಮಗಳು ಬಹಳ ಹೊತ್ತು ಸುಮ್ಮನೆ ಕೂತಿದ್ದಳು. ಆಮೇಲೆ, "ಅಜ್ಜಾ, ನಮ್ಮ ಟಿವಿ ಬನಹಟ್ಟಿ ಆಯಿಗೆ ಕೊಡೂಣು. ನಾವು ಕಿವಿಲೇ ಅರ್ಧಾ ನೋಡ್ತೀವಿ. ಆಯಿ ಪೂರಾ ಕಣ್ಣಿಲೇ ನೋಡಬೇಕು. ಮಾರಿ ದೊಡ್ಡದಿರಬೇಕು, ಅಕ್ಷರ ದೊಡ್ಡವಿರಬೇಕು" ಎಂದಳು. ಕ್ರಿಕೆಟ್ ನೋಡಲು ದೊಡ್ಡ ಟಿವಿಗೆ ಹಟ ಮಾಡಿದ್ದ ಹುಡುಗಿ ಅವಳೇ. ನನ್ನ ಲೆಕ್ಕದಲ್ಲಿ ತಪ್ಪು ಎಲ್ಲಿದೆ ಎಂದು ಅವಳು ಹುಡುಕಿ ಕೊಟ್ಟಳು. ನಾನು ಕೋಣೆ ಅಳೆದಿದ್ದೆ, ತಲೆ ಎಣಿಸಿದ್ದೆ. ನೋಡುವವರು ಹೇಗೆ ನೋಡುತ್ತಾರೆ ಎಂದು ಕೇಳಿರಲಿಲ್ಲ.

ಮರುದಿನವೇ ಟಂಟಂ ಗಾಡಿ ಮಾಡಿ ಟಿವಿ ಅದಲುಬದಲು ಮಾಡಿದೆವು. ಟಿವಿಯನ್ನು ಸಾಗಿಸುವಾಗ ಅಡ್ಡ ಮಲಗಿಸಬಾರದು, ನಿಲ್ಲಿಸಿಯೇ ಒಯ್ಯಬೇಕು. ಮೊಮ್ಮಗಳು ದಾರಿಯುದ್ದಕ್ಕೂ ಅದನ್ನು ಹಿಡಿದುಕೊಂಡೇ ಕೂತಳು. ಐದೂವರೆ ಅಡಿ ದೂರಕ್ಕೆ 43 ಇಂಚು ಹೆಚ್ಚಾಯಿತೇ ಎಂದು ನನಗೆ ಅಳುಕಿತ್ತು. ಪರದೆಯ ಅಳತೆಯ ಒಂದೂವರೆ ಪಟ್ಟು ದೂರವಿದ್ದರೆ ಸಾಕು ಎನ್ನುತ್ತಾರೆ. ಅದು ಸರಿಯಾಗಿ ಐದೂವರೆ ಅಡಿಯ ಹತ್ತಿರವೇ ಬಂತು. ಫುಲ್ ಎಚ್‌ಡಿ ಆದ್ದರಿಂದ ಅಷ್ಟು ಹತ್ತಿರದಿಂದಲೂ ಚುಕ್ಕಿ ಕಾಣಲಿಲ್ಲ. ಬದಿಯಿಂದ ಬಣ್ಣ ಮಂಕಾಗುವ ದೋಷವೂ ಅಲ್ಲಿ ಲೆಕ್ಕಕ್ಕಿಲ್ಲ, ಅಕ್ಕ ನೇರ ಎದುರಿಗೇ ಕೂರುವುದು. ನಮ್ಮ ಮನೆಯಲ್ಲಿ 32 ಇಂಚಿನದನ್ನು ಹಾಕಿ, ಕುರ್ಚಿಗಳನ್ನು ಹನ್ನೊಂದು ಅಡಿಯಿಂದ ಆರೂವರೆ ಅಡಿಗೆ ಎಳೆದುಕೊಂಡೆವು. ಯಾವ ಮೂಲೆಯಲ್ಲಿ ಕೂತರೂ ಬಣ್ಣ ಸರಿ ಕಾಣುತ್ತದೆ. ಮೊದಲು ಒಬ್ಬೊಬ್ಬರು ಒಂದೊಂದು ಗೋಡೆಗೆ ಆತು ಕೂರುತ್ತಿದ್ದವರು ಈಗ ಹತ್ತಿರ ಹತ್ತಿರ ಕೂರುತ್ತೇವೆ.

ಅಕ್ಕನನ್ನು ಕಿವಿಯ ಡಾಕ್ಟರ ಹತ್ತಿರವೂ ಕರೆದೊಯ್ದೆ. ದಿನಕ್ಕೆ ಎಂಟು ತಾಸು 85 ಡೆಸಿಬಲ್‌ಗಿಂತ ಹೆಚ್ಚಿನ ಸಪ್ಪಳದಲ್ಲಿ ವರ್ಷಗಟ್ಟಲೆ ಇದ್ದರೆ ಕಿವಿಯೊಳಗಿನ ಸೂಕ್ಷ್ಮ ಕೂದಲಿನಂಥ ಕೋಶಗಳು ಸಾಯುತ್ತವೆ, ಮತ್ತೆ ಹುಟ್ಟುವುದಿಲ್ಲ ಎಂದು ಅವರು ತಿಳಿಸಿ ಹೇಳಿದರು. ಪವರ್‌ಲೂಮಿನ ಸಪ್ಪಳ ಆ ಮಿತಿಯನ್ನು ಮೀರುತ್ತದೆ. ಕಿವಿಗೆ ಹಾಕುವ ಯಂತ್ರ ಕೊಟ್ಟರು. ಅಕ್ಕ ಮನೆಗೆ ಬಂದು ಹಾಕಿಕೊಂಡು, "ಇದರಾಗ ಮಗ್ಗಾನೂ ಜೋರಾಗಿ ಕೇಳ್ತಾವಲ್ಲೋ" ಎಂದು ತೆಗೆದಿಟ್ಟಳು. ಮಗ್ಗ ನಿಂತ ಹೊತ್ತಿನಲ್ಲಿ ಹಾಕಿಕೊಳ್ಳುತ್ತಾಳೆ. ಅಳಿಯ ಮಾತ್ರ ಈಗ ಕಿವಿಗೆ ಮುಚ್ಚಳ ಹಾಕಿಕೊಂಡು ಮಗ್ಗಕ್ಕೆ ನಿಲ್ಲುತ್ತಾನೆ. ಅವನ ಕಿವಿಯಾದರೂ ಉಳಿಯಲಿ.

ಅಕ್ಕನ ಈಗಿನ ಅಚ್ಚುಮೆಚ್ಚು ಚಂದನದ 'ಥಟ್ ಅಂತ ಹೇಳಿ'. 2002ರಿಂದ ಬರುತ್ತಿರುವ ಈ ಕಾರ್ಯಕ್ರಮದಲ್ಲಿ ಪ್ರಶ್ನೆಯೂ ಉತ್ತರವೂ ಪರದೆಯ ಮೇಲೆ ಅಕ್ಷರದಲ್ಲಿ ಬರುತ್ತವೆ. ನಾಲ್ಕನೇ ಇಯತ್ತೆ ಓದಿದ ಅಕ್ಕ ಗಟ್ಟಿಯಾಗಿ ಓದಿ, ಗಟ್ಟಿಯಾಗಿ ಉತ್ತರ ಹೇಳುತ್ತಾಳೆ. ಮೊಮ್ಮಗಳು ನೋಟ್‌ಬುಕ್ಕಿನಲ್ಲಿ ದೊಡ್ಡ ಅಕ್ಷರದಲ್ಲಿ ತನ್ನದೂ ಪ್ರಶ್ನೆ ಬರೆದು ಹಿಡಿಯುತ್ತಾಳೆ. "ರನ್ನ ಕವಿಯ ಊರು ಯಾವುದು?" ಎಂದು ಬರೆದರೆ, "ನಮ್ಮ ಮುಧೋಳ ಸೀಮಿ! ಇದೂ ಕೇಳೂ ಮಾತಾ?" ಎಂದು ಅಕ್ಕ ಗದರಿಸುತ್ತಾಳೆ.

ಅಂಗಡಿಗೆ ಹೊರಡುವ ಅಜ್ಜ–ಅಜ್ಜಿಯರಿಗೆ, ಅಪ್ಪ–ಅಮ್ಮಂದಿರಿಗೆ ನನ್ನದೊಂದೇ ಮಾತು. ಇಂಚು, ಚುಕ್ಕಿ, ಬೆಲೆ ಎಲ್ಲ ಬರೆಯಿರಿ. ಅದಕ್ಕೆ ಮೊದಲು, ಟಿವಿ ಯಾರಿಗೆ ಬೇಕೋ ಅವರ ಪಕ್ಕದಲ್ಲಿ ಅರ್ಧ ತಾಸು ಕೂತು, ಅವರು ನೋಡುವುದನ್ನು ನೋಡಿ. ಮಕ್ಕಳೇ, ನಿಮ್ಮ ಮನೆಯ ಹಿರಿಯರು ಟಿವಿ ಆವಾಜು ಬಹಳ ಏರಿಸಿದರೆ, ಇಲ್ಲವೇ ಏರಿಸುವುದನ್ನೇ ಬಿಟ್ಟಿದ್ದರೆ ನಗಬೇಡಿ. ಮನೆಯಲ್ಲಿ ತಿಳಿಸಿ.

ಮೊನ್ನೆ ನಾವು ಅಲ್ಲಿದ್ದಾಗ ಕರೆಂಟು ಹೋಯಿತು. ನಾಲ್ಕೂ ಮಗ್ಗ ಒಮ್ಮೆಲೇ ನಿಂತವು. ಕೇಳಿಸುವ ಹೊತ್ತು ಬಂತೆನ್ನುವಷ್ಟರಲ್ಲಿ ಟಿವಿಯೂ ಆರಿತು. ಅಕ್ಕ ಬಿದ್ದು ಬಿದ್ದು ನಕ್ಕಳು. ಆಮೇಲೆ ಕಿವಿಯ ಯಂತ್ರ ಹಾಕಿಕೊಂಡು, "ಹೂಂ, ಈಗ ಹೇಳ್ರಿ, ಏನೇನು ಸುದ್ದಿ?" ಎಂದಳು. ಕರೆಂಟು ಬರುವವರೆಗೆ ನಾವು ಮೂವರೂ ಮಾತಾಡುತ್ತ ಕೂತೆವು.